ಪೂರ್ತಿ ಮುಚ್ಚದ ವಾಲ್ವ್: ಇಜಿಆರ್ ಬಿಚ್ಚಿ ತೊಳೆದ ಅನುಭವ

ನಿಂತಲ್ಲಿಂದ ಹೊರಡುವಾಗ ನನ್ನ ಡೀಸೆಲ್ ಕಾರು ಮುಗ್ಗರಿಸಲು ಶುರು ಮಾಡಿ ಎರಡು ತಿಂಗಳಾಗಿತ್ತು. 1,500 ಆರ್‌ಪಿಎಂ ತನಕ ಎಷ್ಟು ಒತ್ತಿದರೂ ಪಿಕಪ್ ಇಲ್ಲ. ಅದು ದಾಟಿದ ತಕ್ಷಣ ಯಾರೋ ಹಿಂದಿನಿಂದ ತಳ್ಳಿದ ಹಾಗೆ ಒಮ್ಮೆಲೇ ಮುಂದಕ್ಕೆ ಹಾರುತ್ತಿತ್ತು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಸ್ಟೀರಿಂಗ್ ಹಿಡಿದ ಕೈ ನಡುಗುವಷ್ಟು ಒರಟು ಐಡ್ಲಿಂಗ್, ಏರು ಹತ್ತುವಾಗ ಕನ್ನಡಿಯಲ್ಲಿ ಕಪ್ಪು ಹೊಗೆ. ಕೊನೆಗೆ ಒಂದು ದಿನ ಇಂಜಿನ್ ಲೈಟೂ ಹತ್ತಿತು.

ಸರ್ವಿಸ್ ಸೆಂಟರ್‌ನಲ್ಲಿ ನೋಡಿದವರು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. "ಇಜಿಆರ್ ವಾಲ್ವ್ ಹೋಗಿದೆ ಸರ್, ಪೂರ್ತಿ ಹೊಸದೇ ಹಾಕ್ಬೇಕು. ಕ್ಲೀನ್ ಮಾಡಿದ್ರೆ ನಿಲ್ಲಲ್ಲ" ಅಂದರು. ಇಜಿಆರ್ ಅಂದರೆ ಇಂಜಿನ್ ಬಿಟ್ಟ ಹೊಗೆಯಲ್ಲಿ ಒಂದಿಷ್ಟನ್ನು ಮತ್ತೆ ಇಂಜಿನ್ ಒಳಕ್ಕೇ ಕಳಿಸುವ ವ್ಯವಸ್ಥೆ. ಬಿಚ್ಚಿ ನೋಡಿದ್ರಾ ಅಂತ ಕೇಳಿದೆ. ಇಲ್ಲ, ಕಾರಿನ ಕಂಪ್ಯೂಟರ್ ಕೊಡುವ ದೋಷದ ಕೋಡ್ ನೋಡಿದ್ದು ಅಂದರು. ನನಗೆ ಅಲ್ಲೇ ಮನಸ್ಸು ಒಪ್ಪಲಿಲ್ಲ. ಕೋಡ್ ಹೇಳುವುದು ಎಲ್ಲಿ ತೊಂದರೆ ಕಾಣುತ್ತಿದೆ ಅಂತ ಮಾತ್ರ, ಯಾಕೆ ಅಂತ ಅಲ್ಲ. ಒಂದು ಭಾಗ ಸತ್ತಿದೆಯೋ, ಬರೀ ಕೊಳೆಯಿಂದ ಸಿಕ್ಕಿಕೊಂಡಿದೆಯೋ ಅಂತ ಕಣ್ಣಿಂದ ನೋಡದೆ ಹೇಗೆ ಹೇಳುವುದು?

ಹಾಗಾಗಿ ಮೊದಲು ಮಾಡಿದ ಕೆಲಸ ಅಂದರೆ ಮೊಬೈಲ್‌ಗೆ ಕನೆಕ್ಟ್ ಆಗುವ ಒಂದು ಚಿಕ್ಕ ಸ್ಕ್ಯಾನರ್ ತಂದು ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿದ್ದು. ಕೋಡ್ ಪಿ0402. ಅಂದರೆ ಇಜಿಆರ್‌ನಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಹೊಗೆ ಹರಿಯುತ್ತಿದೆ. ಇದರ ಅಣ್ಣ ತಮ್ಮಂದಿರು ಇನ್ನೂ ಇದ್ದಾರೆ, ಪಿ0401 ಬಂದರೆ ಹರಿವು ಕಮ್ಮಿ, ಪಿ0403 ಬಂದರೆ ವೈರಿಂಗ್ ಕಡೆ ನೋಡಬೇಕು. ಆದರೆ ನನಗೆ ಕೋಡ್‌ಗಿಂತ ಉಪಯೋಗಕ್ಕೆ ಬಂದದ್ದು ಲೈವ್ ಡೇಟಾ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ನೋಡಿದೆ. ಕಂಪ್ಯೂಟರ್ ವಾಲ್ವ್‌ಗೆ ಹೇಳುತ್ತಿರುವುದು 0 ಪರ್ಸೆಂಟ್, ಅಂದರೆ ಪೂರ್ತಿ ಮುಚ್ಚು ಅಂತ. ವಾಲ್ವ್‌ನ ಸೆನ್ಸರ್ ತೋರಿಸುತ್ತಿರುವುದು 12. ಮತ್ತೆ ಸ್ಟಾರ್ಟ್ ಮಾಡಿ ಎಕ್ಸಲರೇಟರ್ ಜೋರಾಗಿ ಒತ್ತಿದೆ. ಆಗಲೂ ಆಜ್ಞೆ 0, ಉತ್ತರ 12. ವಾಲ್ವ್ ತೆರೆಯುತ್ತಿದೆ, ಅಲುಗಾಡುತ್ತಿದೆ, ಸೆನ್ಸರ್ ಕೂಡ ಮಾತಾಡುತ್ತಿದೆ. ಮುಚ್ಚುವಾಗ ಮಾತ್ರ ಕೊನೆಯ ಸ್ವಲ್ಪ ದೂರ ಹೋಗಲು ಆಗುತ್ತಿಲ್ಲ. ಇದು ಸತ್ತ ವಾಲ್ವ್‌ನ ಲಕ್ಷಣ ಅಲ್ಲ, ಮಧ್ಯೆ ಏನೋ ಸಿಕ್ಕಿಕೊಂಡಿರುವ ಲಕ್ಷಣ.

ಬಿಚ್ಚುವ ಮೊದಲು ಒಂದು ಸುಲಭದ ದಾರಿಯನ್ನೂ ನೋಡಿದೆ. ಇಂಜಿನ್ ಓಡುವಾಗಲೇ ಗಾಳಿಯ ದಾರಿಯಲ್ಲಿ ಸ್ಪ್ರೇ ಮಾಡುವ ಕ್ಲೀನರ್ ಸಿಗುತ್ತದಲ್ಲ, ಅದು. ಡಬ್ಬಿಯ ಮೇಲೆ ಬರೆದ ಹಾಗೆಯೇ ಆರ್‌ಪಿಎಂ ಏರಿಸಿ ಹಿಡಿದು, ಸ್ವಲ್ಪ ಸ್ವಲ್ಪವೇ ಬಿಟ್ಟೆ. ಎರಡು ದಿನ ಸುಧಾರಿಸಿತು, ಸ್ಕ್ಯಾನರ್‌ನಲ್ಲಿ 12 ಇದ್ದದ್ದು 9ಕ್ಕೆ ಇಳಿಯಿತು. ಮೂರನೇ ದಿನ ಮತ್ತೆ ಅದೇ ಮುಗ್ಗರಿಕೆ. ತೆಳುವಾದ ಮಸಿ ಇದ್ದರೆ ಅದು ಕೆಲಸ ಮಾಡಬಹುದು. ಬೆಂದು ಗಟ್ಟಿಯಾದ ಕಿಟ್ಟಕ್ಕೆ ಅದು ಸಾಲುವುದಿಲ್ಲ.

ಈ ವಾಲ್ವ್ ಯಾಕೆ ಇಷ್ಟು ಕೊಳೆಯಾಗುತ್ತದೆ ಅಂತ ಗೊತ್ತಿದ್ದರೆ ತೊಳೆಯುವಾಗ ಎಲ್ಲಿ ಉಜ್ಜಬೇಕು ಅಂತಲೂ ಗೊತ್ತಾಗುತ್ತದೆ. ಗಾಳಿಯಲ್ಲಿ ಸುಮಾರು 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಸಾಮಾನ್ಯ ಬಿಸಿಯಲ್ಲಿ ಅವೆರಡೂ ತಮ್ಮ ಪಾಡಿಗೆ ಇರುತ್ತವೆ. ಸಿಲಿಂಡರ್ ಒಳಗಿನ ಉರಿ ಸುಮಾರು 1,500 ಡಿಗ್ರಿ ದಾಟಿದರೆ ಒಂದಕ್ಕೊಂದು ಸೇರಿ ನೈಟ್ರೋಜನ್ ಆಕ್ಸೈಡ್‌ಗಳಾಗುತ್ತವೆ, ನಮ್ಮ ಶ್ವಾಸಕೋಶಕ್ಕೆ ಕೆಟ್ಟ ಅನಿಲ ಅದು. ಅದನ್ನು ಕಮ್ಮಿ ಮಾಡಲು ಸೈಲೆನ್ಸರ್ ಕಡೆ ಹೋಗುವ ಹೊಗೆಯಲ್ಲಿ ಒಂದಿಷ್ಟನ್ನು ತಣ್ಣಗೆ ಮಾಡಿ ಮತ್ತೆ ಇಂಜಿನ್ ಒಳಕ್ಕೇ ಕಳಿಸುತ್ತಾರೆ. ಆ ಹೊಗೆಯಲ್ಲಿ ಆಮ್ಲಜನಕ ಕಮ್ಮಿ, ಹಾಗಾಗಿ ಉರಿ ತಗ್ಗುತ್ತದೆ. ಎಷ್ಟು ಕಳಿಸಬೇಕು ಅಂತ ನೋಡಿಕೊಳ್ಳುವ ಬಾಗಿಲೇ ಇಜಿಆರ್ ವಾಲ್ವ್. ಐಡ್ಲಿಂಗ್‌ನಲ್ಲಿ, ನಿಧಾನಕ್ಕೆ ಹೋಗುವಾಗ ಅದು ತೆರೆದಿರುತ್ತದೆ. ಪೂರ್ತಿ ಒತ್ತಿದಾಗ ಮುಚ್ಚಬೇಕು, ಯಾಕೆಂದರೆ ಆಗ ಇಂಜಿನ್‌ಗೆ ಸಿಗುವಷ್ಟೂ ಹೊಸ ಗಾಳಿ ಬೇಕು. ನನ್ನ ಕಾರಿನಲ್ಲಿ ಆಗ ಮುಚ್ಚುತ್ತಿರಲಿಲ್ಲ, ಅದಕ್ಕೇ ಪಿಕಪ್ ಇಲ್ಲದ್ದು, ಅದಕ್ಕೇ ಕಪ್ಪು ಹೊಗೆ.

ಹೊಗೆ ಬರುವಾಗ ಮಸಿಯೂ ಜೊತೆಗೆ ಬರುತ್ತದೆ. ಬರೀ ಮಸಿ ಆಗಿದ್ದರೆ ಪುಡಿಯಾಗಿ ಮುಂದೆ ಹೋಗುತ್ತಿತ್ತೇನೋ. ಆದರೆ ಇನ್ನೊಂದು ಕಡೆಯಿಂದ ಇಂಜಿನ್ ಆಯಿಲ್‌ನ ಹಬೆ ಬ್ರೀದರ್ ಪೈಪ್ ಮೂಲಕ ಅದೇ ದಾರಿಗೆ ಬರುತ್ತದೆ. ಆಯಿಲ್ ಹಬೆ ಅಂಟು, ಮಸಿ ಪುಡಿ. ಎರಡೂ ವಾಲ್ವ್ ಹತ್ತಿರವೇ ಭೇಟಿಯಾಗಿ, ಬಿಸಿಗೆ ಬೆಂದು ಡಾಂಬರಿನ ಹಾಗೆ ಹಿಡಿದುಕೊಳ್ಳುತ್ತವೆ. ದಿನಾ ಮೂರ್ನಾಲ್ಕು ಕಿಲೋಮೀಟರ್ ಮಾತ್ರ ಓಡಿಸುವವರ ಕಾರಿನಲ್ಲಿ, ಇಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಆಫ್ ಆಗುವ ಕಾರಿನಲ್ಲಿ ಇದು ಬೇಗ ಕಟ್ಟುತ್ತದೆ. ನನ್ನದು ಅಂಥದ್ದೇ ಓಡಾಟ.

ಶುಕ್ರವಾರ ರಾತ್ರಿಯೇ ಬೋಲ್ಟುಗಳ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಮಲಗಿದೆ. ಈ ಒಂದು ಕೆಲಸ ಶನಿವಾರದ ಅರ್ಧ ಕಷ್ಟವನ್ನು ಉಳಿಸಿತು ಅಂತ ಈಗಲೂ ಅನಿಸುತ್ತದೆ. ಬೆಳಗ್ಗೆ ಇಂಜಿನ್ ಪೂರ್ತಿ ತಣ್ಣಗಿದ್ದಾಗ ಕೀ ತೆಗೆದು, ಹದಿನೈದು ನಿಮಿಷ ಬಿಟ್ಟು ಬ್ಯಾಟರಿಯ ನೆಗೆಟಿವ್ ಕಳಚಿದೆ. ಕೈಗೆ ನೈಟ್ರೈಲ್ ಗ್ಲೌಸ್, ಕಣ್ಣಿಗೆ ಕನ್ನಡಕ, ಮುಖಕ್ಕೆ ಮಾಸ್ಕ್. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಹೇಳಿದೆ. ನಾವು ಕೆರೆಯುವುದು ಆ ಹೊಗೆಯ ಮಸಿಯನ್ನೇ. ಒಣಗಿದ್ದನ್ನು ಹಾಗೇ ಉಜ್ಜಿದರೆ ಪುಡಿ ಏಳುತ್ತದೆ, ಮೊದಲು ನೆನೆಸಿ ಆಮೇಲೆ ಉಜ್ಜಬೇಕು.

ಒಂದೊಂದು ಪೈಪ್ ಕಳಚುವ ಮೊದಲೂ ಮೊಬೈಲ್‌ನಲ್ಲಿ ಫೋಟೋ ತೆಗೆದೆ. ಬೋಲ್ಟುಗಳನ್ನು ಒಂದು ರಟ್ಟಿನ ಮೇಲೆ ವಾಲ್ವ್‌ನ ಚಿತ್ರ ಬರೆದು, ಯಾವ ತೂತಿನದು ಅಲ್ಲೇ ಚುಚ್ಚಿಟ್ಟೆ. ನನ್ನ ಇಂಜಿನ್‌ನಲ್ಲಿ ನಾಲ್ಕು ಬೋಲ್ಟಿನಲ್ಲಿ ಎರಡು ಉದ್ದ, ಎರಡು ಗಿಡ್ಡ. ಅದಲು ಬದಲಾದರೆ ಉದ್ದದ್ದು ಒಳಗೆ ತಳ ಮುಟ್ಟಿಬಿಡುತ್ತದೆ, ಹೊರಗೆ ಬಿಗಿಯಾದ ಹಾಗೆ ಕಂಡರೂ ಹಿಡಿತ ಇರುವುದಿಲ್ಲ.

ಗಾಳಿ ಪೈಪ್ ಬಂತು, ವೈರ್ ಕನೆಕ್ಟರ್ ಲಾಕ್ ಒತ್ತಿದರೆ ಬಂತು, ಮೂರು ಬೋಲ್ಟೂ ಬಂದವು. ನಾಲ್ಕನೆಯದು ಹಿಂದುಗಡೆ, ಕಣ್ಣಿಗೆ ಕಾಣದ ಜಾಗದಲ್ಲಿ. ಸಾಕೆಟ್ ಕೂರಿಸಿ ತಿರುಗಿಸಿದರೆ ಅಲುಗಲಿಲ್ಲ. ಇನ್ನೂ ಜೋರು ಹಾಕಿದಾಗ ಸಾಕೆಟ್ ಜಾರಿದ ಹಾಗಾಯಿತು, ಬೋಲ್ಟಿನ ತಲೆ ಸವೆದರೆ ಕತೆ ಮುಗಿಯಿತು ಅಂತ ಎದೆ ಧಸಕ್ಕಂದಿತು. ಅಲ್ಲಿಗೆ ನಿಲ್ಲಿಸಿ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅವರು ಹಳೇ ಲಾರಿ ಇಂಜಿನ್‌ಗಳ ಜೊತೆ ಜೀವನ ಕಳೆದವರು.

"ಎಷ್ಟು ಮೂಲೆಯ ಸಾಕೆಟ್ ಹಾಕಿದ್ದೀಯಾ?" ಅಂತ ಕೇಳಿದರು. ಹನ್ನೆರಡು ಅಂದೆ.

"ಅದನ್ನ ತೆಗಿ ಮಗಾ. ಆರು ಮೂಲೆದು ಹಾಕು, ತಲೆ ತಬ್ಬಿ ಹಿಡಿಯುತ್ತೆ. ಮೊದಲು ಬಿಚ್ಚೋಕೆ ಹೋಗ್ಬೇಡ, ಒಂದು ಕೂದಲೆಳೆಯಷ್ಟು ಬಿಗಿ ಮಾಡು. ತುಕ್ಕು ಬಿಟ್ಟಿದ್ದು ಗೊತ್ತಾಗುತ್ತೆ. ಆಮೇಲೆ ಬಿಚ್ಚು. ಮತ್ತೆ ಬಿಗಿ ಅನಿಸಿದ್ರೆ ಹಿಂದಕ್ಕೆ ತಿರುಗಿಸು, ಎಣ್ಣೆ ಬಿಡು. ಅವಸರ ಮಾಡ್ಬೇಡ ಕಣೋ."

ಹಾಗೇ ಮಾಡಿದೆ. ಬಿಗಿ ಮಾಡುವ ಕಡೆ ತಿರುಗಿಸಿದಾಗ "ಟಿಕ್" ಅಂತ ಒಂದು ಸಣ್ಣ ಸದ್ದು ಬಂತು. ಕೈಗೆ ಗೊತ್ತಾಗುವಂಥ ಸದ್ದು. ಆಮೇಲೆ ಕಾಲು ಸುತ್ತು ಬಿಚ್ಚುವುದು, ಅರ್ಧ ಕಾಲು ಸುತ್ತು ವಾಪಸ್ ಹೋಗುವುದು, ಹೀಗೆ ಇಪ್ಪತ್ತು ನಿಮಿಷದಲ್ಲಿ ಬೋಲ್ಟ್ ಕೈಗೆ ಬಂತು.

ನನ್ನ ವಾಲ್ವ್‌ಗೆ ಕೂಲಂಟ್ (ಇಂಜಿನ್ ತಣ್ಣಗಿಡುವ ದ್ರವ) ಪೈಪ್ ಇರಲಿಲ್ಲ, ಹೊಗೆ ತಣ್ಣಗೆ ಮಾಡುವ ಕೂಲರ್ ಬೇರೆ ಇದೆ. ಕೆಲವು ಇಂಜಿನ್‌ಗಳಲ್ಲಿ ವಾಲ್ವ್ ಮೈಗೇ ಕೂಲಂಟ್ ಬರುತ್ತದೆ. ಅಂಥದ್ದಾದರೆ ಕೆಳಗೆ ಪಾತ್ರೆ ಇಟ್ಟುಕೊಳ್ಳಬೇಕು, ಜೋಡಿಸಿದ ಮೇಲೆ ಕೂಲಂಟ್ ದಾರಿಯಲ್ಲಿ ಸೇರಿದ ಗಾಳಿ ತೆಗೆಯಬೇಕು. ಚೆಲ್ಲಿದ್ದನ್ನು ಅಲ್ಲೇ ಒರೆಸಿ, ಅದು ವಿಷ, ಸಿಹಿ ಇರುವುದರಿಂದ ನಾಯಿ ಬೆಕ್ಕು ನೆಕ್ಕಿಬಿಡುತ್ತವೆ.

ವಾಲ್ವ್ ಹೊರಗೆ ಬಂದಾಗ ಅದರ ಬಾಯಿ ನೋಡಿ ಬೇಜಾರಾಯಿತು. ಎರಡು ಬೆರಳು ಹೋಗಬೇಕಾದ ದಾರಿಯಲ್ಲಿ ಕಿರುಬೆರಳು ಕಷ್ಟಪಟ್ಟು ಹೋಗುತ್ತಿತ್ತು. ಇಂಜಿನ್ ಗಾಳಿ ಎಳೆಯುವ ಕಡೆ ಕಿಟ್ಟ ಹಸಿ, ಜಿಡ್ಡು, ಬೆರಳಿಟ್ಟರೆ ಗುರುತು ಉಳಿಯುತ್ತಿತ್ತು. ಹೊಗೆ ಬರುವ ಕಡೆ ಒಣ, ಗಟ್ಟಿ, ಇದ್ದಿಲಿನ ಚಕ್ಕೆಯ ಹಾಗೆ. ಒಂದೇ ವಾಲ್ವ್‌ನ ಎರಡು ಕಡೆ ಎರಡು ಥರ. ಆಯಿಲ್ ಎಲ್ಲಿಂದ ಬರುತ್ತದೆ, ಮಸಿ ಎಲ್ಲಿಂದ ಬರುತ್ತದೆ ಅಂತ ಅಷ್ಟರಲ್ಲೇ ಕಾಣುತ್ತಿತ್ತು.

ಒಳಗೆ ಒಂದು ಚಿಕ್ಕ ತಟ್ಟೆ, ಅದು ಹೋಗಿ ಕೂರುವ ಒಂದು ಉಂಗುರದಂಥ ಸೀಟು. ಸ್ಪ್ರಿಂಗ್ ಆ ತಟ್ಟೆಯನ್ನು ಸೀಟಿಗೆ ಒತ್ತಿ ಹಿಡಿಯಬೇಕು. ಹೆಬ್ಬೆರಳಿಂದ ತಟ್ಟೆಯನ್ನು ಮೆಲ್ಲಗೆ ಒತ್ತಿ ಬಿಟ್ಟೆ. ತೆವಳಿಕೊಂಡು ವಾಪಸ್ ಬಂತು, ಕೊನೆಗೆ ಕೂರಲಿಲ್ಲ, ಒಂದು ಕಡೆ ಎದ್ದು ನಿಂತಿತು. ಟಾರ್ಚ್ ಹಿಡಿದು ಓರೆಯಾಗಿ ನೋಡಿದೆ. ಸೀಟಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಒಂದು ಕಾರ್ಬನ್ ಹರಳು. ಅದರ ಮೇಲೆ ತಟ್ಟೆ ತಗುಲಿ ನಿಂತಿದೆ. ಎರಡು ತಿಂಗಳ ಮುಗ್ಗರಿಕೆ, ಕಪ್ಪು ಹೊಗೆ, ಸ್ಕ್ಯಾನರ್‌ನ ಆ 12, ಎಲ್ಲದರ ಮೂಲ ಇದೇ. ವಾಲ್ವ್ ಅಲುಗಿಸುವ ಮೋಟಾರ್ ಚೆನ್ನಾಗಿತ್ತು, ಸೆನ್ಸರ್ ಚೆನ್ನಾಗಿತ್ತು. ಇದನ್ನೇ ಪೂರ್ತಿ ಎಸೆದು ಹೊಸದು ಹಾಕಬೇಕು ಅಂತ ಹೇಳಿದ್ದರಲ್ಲ ಅಂತ ನಿಜವಾಗಿಯೂ ಸಂಕಟ ಆಯಿತು.

ಒಂದು ಎಚ್ಚರಿಕೆ. ಹೆಬ್ಬೆರಳಿಂದ ಒತ್ತಿದ್ದು ನನ್ನ ವಾಲ್ವ್‌ನಲ್ಲಿ ಸ್ಪ್ರಿಂಗ್ ಸುಲಭವಾಗಿ ಬಗ್ಗಿತು ಅಂತ. ಎಲೆಕ್ಟ್ರಿಕ್ ವಾಲ್ವ್‌ಗಳಲ್ಲಿ ಮೋಟಾರ್ ಹಿಂದೆ ಚಿಕ್ಕ ಹಲ್ಲಿನ ಗೇರ್ ಇರುತ್ತದೆ, ಕೆಲವದರಲ್ಲಿ ಪ್ಲಾಸ್ಟಿಕ್‌ನದು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಆ ಹಲ್ಲು ಮುರಿಯುತ್ತದೆ, ಆಗ ನಿಜವಾಗಿಯೂ ಹೊಸ ವಾಲ್ವೇ ಗತಿ. ಅಲುಗದಿದ್ದರೆ ನೆನೆಸಿ, ಕಾಯಿರಿ.

ತೊಳೆಯಲು ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ, ಹಳೇ ಹಲ್ಲುಜ್ಜುವ ಬ್ರಷ್, ಒಂದು ಸಣ್ಣ ಹಿತ್ತಾಳೆ ಬ್ರಷ್ ಮತ್ತು ಚೂಪು ಮಾಡಿದ ಬಿದಿರು ಕಡ್ಡಿಗಳು. ಕಬ್ಬಿಣದ ಬ್ರಷ್ಷಾಗಲಿ ಬ್ಲೇಡಾಗಲಿ ಮುಟ್ಟಲಿಲ್ಲ, ಸೀಟಿನ ಮೇಲೆ ಒಂದು ಗೀರು ಬಿದ್ದರೂ ಅಲ್ಲಿಂದ ಸೋರುತ್ತದೆ. ಒಲೆ ತೊಳೆಯುವ ಕಾಸ್ಟಿಕ್ ಕ್ಲೀನರ್ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಕೆಲವರು ಹೇಳುತ್ತಾರೆ. ವಾಲ್ವ್‌ನ ಮೈ ಅಲ್ಯೂಮಿನಿಯಂ ಆಗಿದ್ದರೆ ಕಾಸ್ಟಿಕ್ ಅದನ್ನೇ ತಿನ್ನುತ್ತದೆ. ದಯವಿಟ್ಟು ಬೇಡ.

ಮೋಟಾರ್ ಇರುವ ಭಾಗ ಯಾವಾಗಲೂ ಮೇಲೆ, ಬಾಯಿ ಕೆಳಗೆ, ಹೀಗೇ ಹಿಡಿದು ಸ್ಪ್ರೇ ಮಾಡಿದೆ, ಕೊಳೆ ನೀರು ಮೋಟಾರ್ ಒಳಗೆ ಇಳಿಯಬಾರದು ಅಂತ. ಕನೆಕ್ಟರ್‌ಗೆ ಪ್ಲಾಸ್ಟಿಕ್ ಸುತ್ತಿದ್ದೆ. ಸ್ಪ್ರೇ ಬಿಟ್ಟು ಹತ್ತು ನಿಮಿಷ ಸುಮ್ನೆ ಬಿಡುವುದು, ಮೆತ್ತಗಾದ ಪದರವನ್ನು ಕಡ್ಡಿಯಿಂದ ಎಬ್ಬಿಸುವುದು, ಒರೆಸುವುದು, ಮತ್ತೆ ಸ್ಪ್ರೇ. ಮೊದಲ ಸಲ ಕಪ್ಪು ಕೆಸರು ಸುರಿಯಿತು, ಎರಡನೇ ಸಲ ಕಂದು, ನಾಲ್ಕನೇ ಸಲಕ್ಕೆ ಬಟ್ಟೆ ಬರೀ ಮಸುಕಾಯಿತು. ಆ ಸಾಸಿವೆ ಹರಳು ಮಾತ್ರ ಮೂರು ಸುತ್ತಿಗೂ ಜಗ್ಗಲಿಲ್ಲ. ಕೊನೆಗೆ ಅದರ ಬುಡಕ್ಕೆ ಬಿದಿರು ಕಡ್ಡಿ ಕೊಟ್ಟು ಮೀಟಿದಾಗ ಚಟಕ್ಕನೆ ಎದ್ದು ಬಂತು. ಈಗ ಹೆಬ್ಬೆರಳಿಂದ ಒತ್ತಿ ಬಿಟ್ಟರೆ ತಟ್ಟೆ "ಟಕ್" ಅಂತ ಸೀಟಿಗೆ ಬಡಿಯಿತು. ಆ ಸದ್ದು ಕೇಳಿದ ಖುಷಿ ಹೇಳಲಾರೆ.

ಕಣ್ಣಿಗೆ ಕ್ಲೀನ್ ಆದದ್ದು ನಿಜವಾಗಿ ಮುಚ್ಚುತ್ತದೆಯೋ ಅಂತ ನೋಡಲು ಚಿಕ್ಕಪ್ಪನೇ ಒಂದು ಉಪಾಯ ಹೇಳಿದ್ದರು. ವಾಲ್ವನ್ನು ಸೀಟು ಮಟ್ಟವಾಗಿ, ಮೋಟಾರ್ ತೇವವಾಗದ ಹಾಗೆ ಹಿಡಿದು, ಮುಚ್ಚಿದ ತಟ್ಟೆಯ ಮೇಲೆ ಒಂದೆರಡು ಚಮಚ ಸೀಮೆಎಣ್ಣೆ ಬಿಟ್ಟು ಕಾಯುವುದು. ಕೆಳಗೆ ಬಿಳಿ ಕಾಗದ ಹಾಸಿದೆ. ಅರ್ಧ ನಿಮಿಷಕ್ಕೇ ಹನಿ ಬಿತ್ತು. ಮತ್ತೆ ಟಾರ್ಚ್ ಹಿಡಿದು ನೋಡಿದರೆ ತಟ್ಟೆಯ ಅಂಚಿನಲ್ಲಿ ಕೂದಲೆಳೆಯಷ್ಟು ತೆಳು ಕಂದು ಗೆರೆ, ಅದನ್ನು ನಾನು ಲೋಹದ ಬಣ್ಣ ಅಂದುಕೊಂಡು ಬಿಟ್ಟಿದ್ದೆ. ಬಟ್ಟೆಗೆ ಕ್ಲೀನರ್ ಹಾಕಿ ಸುತ್ತಲೂ ಉಜ್ಜಿದೆ. ಎರಡನೇ ಸಲ ಹತ್ತು ನಿಮಿಷ ಕಾದರೂ ಬರೀ ತೇವ ಕಂಡಿತು, ಹನಿ ಬೀಳಲಿಲ್ಲ. ಅಷ್ಟು ಸಾಕು.

ಇನ್ನು ಇಂಜಿನ್ ಕಡೆಯ ಬಾಯಿ, ಅಂದರೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್. ಅಲ್ಲೂ ಬೆರಳು ದಪ್ಪ ಕಿಟ್ಟ. ಇಲ್ಲಿ ಹುಷಾರಾಗಿರಬೇಕು, ಯಾಕೆಂದರೆ ಇಲ್ಲಿ ಬಿದ್ದ ಚೂರು ನೇರ ಸಿಲಿಂಡರ್‌ಗೆ ಹೋಗಬಹುದು. ಒಳಗೆ ಆಳದಲ್ಲಿ ಒಂದು ಬಟ್ಟೆ ತುರುಕಿ, ಅದರ ತುದಿ ಹೊರಗೆ ಕಾಣುವ ಹಾಗೆ ಬಿಟ್ಟು, ಪಕ್ಕದಲ್ಲೇ ವ್ಯಾಕ್ಯೂಮ್ ಪೈಪ್ ಹಿಡಿದು ಕೆರೆದೆ. ಸ್ಪ್ರೇ ಇಲ್ಲಿ ಬಳಸಲೇ ಇಲ್ಲ. ಕೈಗೆ ಎಟುಕಿದಷ್ಟೇ ತೆಗೆದೆ, ಪೂರ್ತಿ ತೊಳೆಯಬೇಕಾದರೆ ಮ್ಯಾನಿಫೋಲ್ಡೇ ಬಿಚ್ಚಬೇಕು, ಅದು ಬೇರೆಯೇ ಕೆಲಸ.

ಸ್ಪ್ರೇ ಬಗ್ಗೆ ಇಷ್ಟು ಹೆದರುವುದು ಯಾಕೆ ಅಂದರೆ, ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಬೇಡ. ಉರಿಯುವ ವಸ್ತು ಗಾಳಿಯ ಜೊತೆ ಒಳಗೆ ಹೋದರೆ ಅದೇ ಉರಿದು ಇಂಜಿನ್ ತಾನಾಗಿಯೇ ಓಡುತ್ತದೆ, ಕೀ ತೆಗೆದರೂ ನಿಲ್ಲದಿರಬಹುದು. ಒಳಗೆ ಎಲ್ಲೋ ಕ್ಲೀನರ್ ಮಡುಗಟ್ಟಿ ನಿಂತಿದ್ದರೆ ಅಪಾಯ. ಹಾಗಾಗಿ ವಾಲ್ವನ್ನೂ ಮೂರು ಗಂಟೆ ಗಾಳಿಗೆ ಒಣಗಲು ಬಿಟ್ಟೇ ಜೋಡಿಸಿದ್ದು.

ಜೋಡಿಸುವಾಗ ಒಂದು ಎಡವಟ್ಟಾಯಿತು. ವಾಲ್ವ್ ಮತ್ತು ಇಂಜಿನ್ ನಡುವೆ ಸೋರದ ಹಾಗೆ ಕೂರಿಸುವ ಹೊಸ ಲೋಹದ ಗ್ಯಾಸ್ಕೆಟ್ ತಂದಿದ್ದೆ. ಒಂದು ಕೈಯಲ್ಲಿ ವಾಲ್ವ್, ಇನ್ನೊಂದು ಕೈಯಲ್ಲಿ ಗ್ಯಾಸ್ಕೆಟ್, ಹಿಂದಿನ ಬೋಲ್ಟ್ ಕಣ್ಣಿಗೆ ಕಾಣದು, ಹೇಗೋ ಕೂರಿಸಿ ಬಿಗಿ ಮಾಡಿದೆ. ಸ್ಟಾರ್ಟ್ ಮಾಡಿದೆ. ಇಂಜಿನ್ ಓಡಿತು, ಆದರೆ ಬಾನೆಟ್ ಕೆಳಗಿಂದ "ಚಫ್ ಚಫ್" ಅಂತ ತಾಳ ಹಾಕಿದ ಹಾಗೆ ಸದ್ದು. ತಣ್ಣಗಿರುವಾಗಿನ ಸದ್ದು ಇರಬೇಕು ಅಂತ ಅವತ್ತು ಬಿಟ್ಟುಬಿಟ್ಟೆ. ಬಿಡಬಾರದಿತ್ತು. ಭಾನುವಾರ ಬೆಳಗ್ಗೆ ನೋಡಿದರೆ ವಾಲ್ವ್ ಪಕ್ಕದ ಬ್ರಾಕೆಟ್ ಮೇಲೆ ಬೀಸಣಿಗೆ ಬಿಚ್ಚಿದ ಹಾಗೆ ಮಸಿ ಗುರುತು. ಹೊಗೆ ಅಲ್ಲಿಂದ ಸೋರುತ್ತಿತ್ತು. ಆ ಹೊಗೆ ಕಾರಿನ ಒಳಕ್ಕೂ ಬರಬಹುದಲ್ವಾ, ಹಾಗೆ ಓಡಿಸುವ ಮಾತೇ ಇಲ್ಲ.

ಮತ್ತೆ ಬಿಚ್ಚಿದೆ. ಗ್ಯಾಸ್ಕೆಟ್‌ನ ಒಂದು ಕಿವಿ ಮಡಚಿಕೊಂಡಿತ್ತು, ಅದರ ಸಂದಿಯಲ್ಲಿ ಹೊಗೆ. ಮಡಚಿದ್ದನ್ನು ತಟ್ಟಿ ನೇರ ಮಾಡಿ ಹಾಕುವ ಆಸೆ ಬಂತು, ಹಾಕಲಿಲ್ಲ, ಇನ್ನೊಂದು ತಂದೆ. ಈ ಸಲ ಎರಡು ಬೋಲ್ಟುಗಳನ್ನು ಮೊದಲೇ ವಾಲ್ವ್‌ನ ತೂತಿಗೆ ತೂರಿಸಿ, ಅವುಗಳ ಮೇಲೆ ಗ್ಯಾಸ್ಕೆಟ್ ನೇತುಹಾಕಿ, ಹಾಗೇ ಇಂಜಿನ್‌ಗೆ ಹಿಡಿದೆ. ಗ್ಯಾಸ್ಕೆಟ್ ಎಲ್ಲೂ ಜಾರಲಿಲ್ಲ. ನಾಲ್ಕನ್ನೂ ಮೊದಲು ಬೆರಳಿಂದಲೇ ತಿರುಗಿಸಿ, ಆಮೇಲೆ ಎದುರು ಬದುರು ಮೂಲೆಯಿಂದ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಕೊನೆಯ ಬಿಗಿ, ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಿಂದ, ಇಂಜಿನ್‌ನ ಮ್ಯಾನುಯಲ್‌ನಲ್ಲಿ ಇದ್ದಷ್ಟೇ. ಅಲ್ಯೂಮಿನಿಯಂನಲ್ಲಿ ಕೈ ಅಂದಾಜಿನ ಮೇಲೆ ಜಾಸ್ತಿ ಬಿಗಿದರೆ ತೂತಿನ ಒಳಗಿನ ಥ್ರೆಡ್ಡೇ ಕಿತ್ತು ಬರುತ್ತದೆ.

ಬ್ಯಾಟರಿ ಕೊಟ್ಟು, ಕೋಡ್ ಅಳಿಸಿ, ಕೀ ಆನ್ ಮಾಡಿ ಹಾಗೇ ಒಂದು ನಿಮಿಷ ಬಿಟ್ಟೆ. ವಾಲ್ವ್ ಒಳಗಿಂದ "ಝಿಯ್" ಅಂತ ಸಣ್ಣ ಸದ್ದು, ತನ್ನ ತೆರೆದ ತುದಿ, ಮುಚ್ಚಿದ ತುದಿ ಎರಡನ್ನೂ ಮುಟ್ಟಿ ನೋಡಿಕೊಂಡಿತು. ನನ್ನ ಕಾರಿನಲ್ಲಿ ಇದು ತಾನಾಗಿಯೇ ಆಗುತ್ತದೆ, ಕೆಲವು ಕಾರುಗಳಲ್ಲಿ ಸ್ಕ್ಯಾನರ್‌ನಿಂದ ಕಲಿಸಬೇಕು. ಸ್ಕ್ಯಾನರ್ ನೋಡಿದೆ. ಆಜ್ಞೆ 0, ಉತ್ತರ 0. ಸ್ಟಾರ್ಟ್ ಮಾಡಿದ ಮೊದಲ ಐದು ನಿಮಿಷ ಐಡ್ಲಿಂಗ್ ಸ್ವಲ್ಪ ಏರಿಳಿಯಿತು, ಆಮೇಲೆ ನೆಟ್ಟಗಾಯಿತು. ಚಫ್ ಚಫ್ ಇಲ್ಲ.

ಮುಗ್ಗರಿಕೆ ಅವತ್ತೇ ಹೋಯಿತು. ಕಪ್ಪು ಹೊಗೆ ಹೋಗಲು ಒಂದು ವಾರ ಹಿಡಿಯಿತು, ಒಳಗೆ ಉಳಿದ ಮಸಿ ಬರುತ್ತಿತ್ತು ಅನಿಸುತ್ತದೆ. ಮೈಲೇಜ್ ದೊಡ್ಡದಾಗಿ ಏನೂ ಏರಲಿಲ್ಲ.

ಈ ಕೆಲಸ ಮಾಡುವಾಗ ಇಬ್ಬರು ಸ್ನೇಹಿತರು ಒಂದೇ ಮಾತು ಹೇಳಿದರು, ಇಷ್ಟೆಲ್ಲ ಯಾಕೆ, ಒಂದು ತಗಡು ಕೂರಿಸಿ ಆ ದಾರಿಯನ್ನೇ ಮುಚ್ಚಿಬಿಡು ಅಂತ. ನಾನು ಒಪ್ಪಲಿಲ್ಲ. ಎಷ್ಟೋ ದೇಶಗಳಲ್ಲಿ ಅದು ಕಾನೂನಿಗೆ ವಿರುದ್ಧ ಅನ್ನುವುದು ಒಂದು ಮಾತು. ಅದಕ್ಕಿಂತ ಹೆಚ್ಚಾಗಿ, ಆ ವಾಲ್ವ್ ಇರುವುದೇ ನನ್ನ ಹಿಂದೆ ಬರುವವರು ಉಸಿರಾಡುವ ಗಾಳಿಗಾಗಿ. ನನ್ನ ಪಿಕಪ್‌ಗೋಸ್ಕರ ಅದನ್ನು ಮುಚ್ಚಿ ಸ್ಕೂಟರ್‌ನಲ್ಲಿ ಕೂತ ಮಗುವಿನ ಮುಖಕ್ಕೆ ಹೊಗೆ ಬಿಡಲು ನನಗೆ ಮನಸ್ಸಿಲ್ಲ. ಮೋಟಾರ್ ಸುಟ್ಟಿದ್ದರೆ, ಗೇರ್ ಮುರಿದಿದ್ದರೆ ಹೊಸ ವಾಲ್ವ್ ಹಾಕಿಸುತ್ತಿದ್ದೆ. ಸುಮ್ಮನೆ ಕೂಲಂಟ್ ಕಮ್ಮಿಯಾಗಿ ಬಿಳಿ ಹೊಗೆ ಬರುತ್ತಿದ್ದರೆ ಕೂಲರ್ ಒಡೆದಿರಬಹುದು, ಅದಕ್ಕೆ ತೊಳೆಯುವುದು ಮದ್ದಲ್ಲ.

ಆ ಹಸಿ ಜಿಡ್ಡು ಮಾತ್ರ ನನ್ನ ತಲೆಯಲ್ಲಿ ಕೂತಿತ್ತು. ಆಯಿಲ್ ಹಬೆ ಅಷ್ಟು ಬರಬಾರದು. ಮುಂದಿನ ವಾರ ಬ್ರೀದರ್‌ನ ಆಯಿಲ್ ಬೇರ್ಪಡಿಸುವ ಡಬ್ಬಿ ಬಿಚ್ಚಿದೆ, ಒಳಗೆ ಕೆಸರು ಕಟ್ಟಿತ್ತು, ಅದನ್ನು ಬದಲಾಯಿಸಿದೆ. ಈಗ ವಾರಕ್ಕೊಮ್ಮೆಯಾದರೂ ಇಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸುತ್ತೇನೆ. 5,000 ಕಿಲೋಮೀಟರ್ ಆದ ಮೇಲೆ ಗಾಳಿ ಪೈಪ್ ಒಂದನ್ನೇ ಕಳಚಿ ಟಾರ್ಚ್ ಬಿಟ್ಟು ನೋಡಿದೆ. ತೆಳುವಾದ ಮಸಿ ಇತ್ತು, ಒಣಗಿದ್ದು. ಬೆರಳಿಂದ ಒರೆಸಿದರೆ ಪುಡಿಯಾಗಿ ಬಂತು, ಅಂಟಲಿಲ್ಲ. ಪೈಪ್ ವಾಪಸ್ ಹಾಕಿ ಕ್ಲಿಪ್ ಬಿಗಿ ಮಾಡಿದೆ.